ಹುಲ್ಲು ಹಸಿರಾಗಿದೆ, ಮಣ್ಣು ಹೇಗಿದೆ?

ಹಾಲು ಉತ್ಪಾದಕ ಅಕ್ಕತಂಗಿಯರೇ,

ಕಳೆದ ಬೇಸಿಗೆಯಲ್ಲಿ ಒಂದು ಸಂಜೆ ಹಾಲು ಹಾಕಿ, ಖಾಲಿ ಕ್ಯಾನು ಹಿಡಿದು ಡೇರಿಯ ಮೆಟ್ಟಿಲ ಮೇಲೆ ನಿಂತಿದ್ದೆ. ನಮ್ಮೂರಿಗೆ ಸೊಸೆಯಾಗಿ ಬಂದು ಎರಡು ವರ್ಷವಾದ ಹುಡುಗಿಯೊಬ್ಬಳು ಹತ್ತಿರ ಬಂದಳು. "ಅಕ್ಕ, ನಿಮ್ಮ ಹೊಳೆ ಪಕ್ಕದ ತಾಕಿನಲ್ಲಿ ಸೀಮೆ ಹುಲ್ಲು ಆಳೆತ್ತರ ನಿಂತಿದೆಯಲ್ಲ, ದಿನಕ್ಕೆರಡು ಹೊರೆ ಕೊಡಿ, ದುಡ್ಡು ಕೊಡ್ತೀನಿ. ನಮ್ಮ ಬೋರು ನಿಂತು ಹದಿನೈದು ದಿನ ಆಯ್ತು, ಹಸು ಹಾಲು ಕಮ್ಮಿ ಮಾಡಿದೆ" ಅಂದಳು.

ನಾನು ಕೊಡಲ್ಲ ಅಂದೆ. ಯಾಕೆ ಅಂತ ಹೇಳಲಿಲ್ಲ. ಅವಳು ಮುಖ ಸಣ್ಣದು ಮಾಡಿಕೊಂಡು ಹೋದಳು. ಇವಳಿಗೆಷ್ಟು ಜಂಬ ಅಂದುಕೊಂಡಿರಬೇಕು. ಅವತ್ತು ಬಾಯಿಗೆ ಬಾರದ ಕಾರಣವನ್ನು ಇವತ್ತು ನಿಮ್ಮೆಲ್ಲರ ಮುಂದೆ ಬರೆಯುತ್ತಿದ್ದೇನೆ. ಯಾಕೆಂದರೆ ಇದು ನನ್ನೊಬ್ಬಳ ತಾಕಿನ ವಿಷಯವಲ್ಲ.

ನಮ್ಮ ಊರು ವೃಷಭಾವತಿ ಹರಿಯುವ ದಾರಿಯಲ್ಲಿದೆ. ಬೆಂಗಳೂರಿನ ಬಸವನಗುಡಿಯ ದೊಡ್ಡ ಬಸವಣ್ಣನ ಪಾದದ ಬಳಿ ಹುಟ್ಟಿದಳೆಂದು ಹಿರಿಯರು ಹೇಳುವ ಹೊಳೆ ಇದು. ಮೈಸೂರು ರಸ್ತೆಯ ಗಾಳಿ ಆಂಜನೇಯನ ಗುಡಿ, ಕೆಂಗೇರಿ ದಾಟಿ ಬೈರಮಂಗಲದ ಕೆರೆಗೆ ಬರುತ್ತದೆ. ಮುಂದೆ ಅರ್ಕಾವತಿಯನ್ನು ಸೇರಿ, ಸಂಗಮದಲ್ಲಿ ಕಾವೇರಿಗೆ ಕೂಡುತ್ತದೆ. ನಮ್ಮತ್ತೆ ಈ ಹೊಳೆಯಲ್ಲಿ ಬಟ್ಟೆ ಒಗೆದವರು, ಹಬ್ಬದ ದಿನ ಹಸುವಿನ ಮೈ ತೊಳೆದವರು. ನಾನು ಸೊಸೆಯಾಗಿ ಬರುವ ಹೊತ್ತಿಗೆ ನೀರಿನ ಮೇಲೆ ನೊರೆ ಕಟ್ಟಿತ್ತು.

ನೊರೆ ಬಂದ ಮೇಲೆ ನೀರು ಮಾತ್ರ ಯಾವತ್ತೂ ನಿಂತಿಲ್ಲ. ಮಳೆ ಬರಲಿ ಬಿಡಲಿ, ಬೆಂಗಳೂರು ಬಚ್ಚಲಿನ ನೀರನ್ನು ಕಳಿಸುತ್ತಲೇ ಇರುತ್ತದೆ. ಆ ನೀರಿನಲ್ಲಿ ಸಾರಜನಕ, ರಂಜಕ ಧಾರಾಳ. ಯೂರಿಯಾ ಹಾಕದಿದ್ದರೂ ಹುಲ್ಲು ಕಡುಹಸಿರು. ಬರಗಾಲದಲ್ಲಿ ನಮ್ಮ ಕಡೆಯ ಹಸುಗಳು ಉಳಿದದ್ದು ಈ ನೀರಿನಿಂದಲೇ. ಅದನ್ನು ಮರೆತು ಮಾತಾಡಿದರೆ ತಪ್ಪಾಗುತ್ತದೆ. ಆದರೆ ಅದೇ ನೀರಿನಲ್ಲಿ ಬಚ್ಚಲಿನದಲ್ಲದ್ದೂ ಬರುತ್ತದೆ. ಲೋಹಕ್ಕೆ ಮೆರುಗು ಹಾಕುವ ಘಟಕಗಳು, ಬ್ಯಾಟರಿ ಕೆಲಸ, ಬಣ್ಣದ ಕೆಲಸ, ಇವೆಲ್ಲದರ ತೊಳೆ ನೀರಿನಲ್ಲಿ ಸೀಸ, ಕ್ಯಾಡ್ಮಿಯಂ, ಕ್ರೋಮಿಯಂ, ನಿಕ್ಕಲ್ ಇರುತ್ತವೆ. ಇವನ್ನು ಭಾರಲೋಹಗಳು ಎನ್ನುತ್ತಾರೆ.

ಒಂದು ವ್ಯತ್ಯಾಸ ಮನಸ್ಸಿನಲ್ಲಿಡಿ. ಹೊಲಸು ಕೊಳೆಯುತ್ತದೆ, ಸೋಪು ಕಾಲಕ್ರಮದಲ್ಲಿ ಕರಗಿ ಹೋಗುತ್ತದೆ, ಎಷ್ಟೋ ಕೀಟನಾಶಕಗಳೂ ಬಿಸಿಲು ಮಳೆಗೆ ಒಡೆದು ಹೋಗುತ್ತವೆ. ಸೀಸ ಮಾತ್ರ ಸೀಸವಾಗಿಯೇ ಉಳಿಯುತ್ತದೆ. ಇವತ್ತು ನಮ್ಮ ಮಣ್ಣಿಗೆ ಬಿದ್ದದ್ದು ಮೊಮ್ಮಕ್ಕಳ ಕಾಲಕ್ಕೂ ಅಲ್ಲೇ ಇರುತ್ತದೆ.

ಬಾಟಲಿಯ ಕಥೆ

ಮೂರು ವರ್ಷದ ಹಿಂದೆ ಒಬ್ಬರು ಬೈಕಿನಲ್ಲಿ ಬಾಟಲಿಗಳನ್ನು ಹೊತ್ತು ತಂದರು. "ಇದರಲ್ಲಿ ಕೋಟಿಗಟ್ಟಲೆ ಸೂಕ್ಷ್ಮಜೀವಿಗಳಿವೆ. ಎಕರೆಗೆ ಇಷ್ಟು ಹಾಕಿ. ಮಣ್ಣಿನಲ್ಲಿರುವ ವಿಷಲೋಹವನ್ನೆಲ್ಲ ತಿಂದು ಮುಗಿಸ್ತವೆ" ಅಂದರು. ನಾನು ನಂಬಿದೆ. ಬಟವಾಡೆಯ ದುಡ್ಡಿನಲ್ಲಿ ಎರಡು ಸಲ ಕೊಂಡು ಹಾಕಿದೆ. ಹುಲ್ಲು ಚೆನ್ನಾಗಿಯೇ ಬಂತು, ಮೊದಲೂ ಚೆನ್ನಾಗಿಯೇ ಬರುತ್ತಿತ್ತು. ಆಮೇಲೆ ವಿಸ್ತರಣಾಧಿಕಾರಿಗಳನ್ನು ಕಾಡಿ ಬೇಡಿ, ಮಣ್ಣನ್ನೂ ಹುಲ್ಲನ್ನೂ ಪ್ರಯೋಗಾಲಯಕ್ಕೆ ಕಳಿಸಿದೆ. ಲೋಹ ಇದ್ದಲ್ಲೇ ಇತ್ತು. "ಈ ತಾಕಿನಲ್ಲಿ ಮೇವು, ಸೊಪ್ಪು ಬೆಳೆಯಬೇಡಿ ತಾಯಿ" ಅಂದರು. ಆ ಹುಡುಗಿ ಕೇಳಿದ ಹುಲ್ಲು ಅದೇ ತಾಕಿನದು. ಬುಡ ಕೀಳಿಸಲು ಆಗದೆ ಹಾಗೇ ಬಿಟ್ಟಿದ್ದೆ.

ಬಾಟಲಿ ಮಾರಿದವರ ಮೇಲೆ ಸಿಟ್ಟು ಬಂತು. ಆದರೆ ಸೂಕ್ಷ್ಮಜೀವಿಗಳ ತಪ್ಪೇನೂ ಇರಲಿಲ್ಲ. "ತಿಂದು ಮುಗಿಸ್ತವೆ" ಅನ್ನುವ ಆ ಒಂದು ಮಾತು ಸುಳ್ಳಾಗಿತ್ತು. ಸೂಕ್ಷ್ಮಜೀವಿ ಎಣ್ಣೆಯನ್ನು ತಿನ್ನಬಹುದು, ಸಗಣಿಯನ್ನು ತಿನ್ನಬಹುದು. ಲೋಹ ಮೂಲವಸ್ತು. ಅದನ್ನು ತಿಂದು ಇಲ್ಲವಾಗಿಸುವ ಜೀವಿ ಭೂಮಿಯ ಮೇಲಿಲ್ಲ.

ಹಾಗಾದರೆ ಸೂಕ್ಷ್ಮಜೀವಿಗಳಿಂದ ಏನೂ ಆಗುವುದಿಲ್ಲವೇ? ಆಗುತ್ತದೆ. ಅವು ಲೋಹವನ್ನು ಕಟ್ಟಿಹಾಕುತ್ತವೆ. ಹಾಯುವ ಹೋರಿಯನ್ನು ಗೂಟಕ್ಕೆ ಕಟ್ಟಿದ ಹಾಗೆ. ಹೋರಿ ಎಲ್ಲಿಗೂ ಹೋಗಿಲ್ಲ, ಹಾಯಲು ಆಗುತ್ತಿಲ್ಲ ಅಷ್ಟೇ. ಹಗ್ಗ ಸವೆಯದಂತೆ ನೋಡಿಕೊಳ್ಳುವ ಕೆಲಸ ಮನೆಯವರದು.

ಕಟ್ಟುವ ಬಗೆ ಹೇಗೆ?

ಮೊದಲನೆಯದು, ಮೈಗೆ ಅಂಟಿಸಿಕೊಳ್ಳುವುದು. ಮಣ್ಣಿನ ಬ್ಯಾಕ್ಟೀರಿಯಾಗಳ ಹೊರಗೋಡೆ ಮತ್ತು ಅವು ಸ್ರವಿಸುವ ಲೋಳೆಗೆ ಲೋಹದ ಕಣಗಳು ಅಂಟಿಕೊಳ್ಳುತ್ತವೆ. ಅಂಟಿಕೊಂಡದ್ದು ಅಷ್ಟು ಸುಲಭವಾಗಿ ಬೇರಿಗೆ ಸಿಗುವುದಿಲ್ಲ.

ಎರಡನೆಯದು, ರೂಪ ಬದಲಾಯಿಸುವುದು. ಕ್ರೋಮಿಯಂನಲ್ಲಿ ಎರಡು ಮುಖ್ಯ ರೂಪಗಳಿವೆ. ಆರನೆಯ ರೂಪ ನೀರಿನಲ್ಲಿ ಕರಗಿ ಹರಿದಾಡುತ್ತದೆ, ಬಹಳ ವಿಷ. ಮೂರನೆಯ ರೂಪ ಮಣ್ಣಿಗೆ ಕಚ್ಚಿಕೊಂಡು ಕೂರುತ್ತದೆ, ವಿಷ ಕಡಿಮೆ. ಬ್ಯಾಸಿಲಸ್, ಸೂಡೋಮೊನಾಸ್ ಗುಂಪಿನ ಎಷ್ಟೋ ಬ್ಯಾಕ್ಟೀರಿಯಾಗಳು ಆರನ್ನು ಮೂರಕ್ಕೆ ಇಳಿಸುತ್ತವೆ. ಈ ಕೆಲಸಕ್ಕೆ ಅವಕ್ಕೆ ಆಹಾರ ಬೇಕು. ಆ ಆಹಾರವೇ ಕಳಿತ ಕೊಟ್ಟಿಗೆ ಗೊಬ್ಬರ.

ಮೂರನೆಯದು, ಗಂಧಕದ ಜೊತೆ ಸೇರಿಸಿ ಗಟ್ಟಿ ಮಾಡುವುದು. ನೀರು ನಿಂತ ಗದ್ದೆಯ ಕೆಸರು ಕಪ್ಪಾಗಿ ಕೊಳೆತ ಮೊಟ್ಟೆಯ ವಾಸನೆ ಬರುತ್ತದಲ್ಲ, ಅಲ್ಲಿ ಗಾಳಿ ಬೇಡದ ಬ್ಯಾಕ್ಟೀರಿಯಾಗಳು ಕೆಲಸ ಮಾಡುತ್ತಿರುತ್ತವೆ. ಅವು ಹುಟ್ಟಿಸುವ ಗಂಧಕದ ಅನಿಲ ಕ್ಯಾಡ್ಮಿಯಂ, ಸೀಸ, ಸತುವುಗಳನ್ನು ಕರಗದ ಪುಡಿಯಾಗಿ ಮಾಡುತ್ತದೆ. ಆದರೆ ಗದ್ದೆ ಒಣಗಿ ಗಾಳಿಯಾಡಿದರೆ ಆ ಗಂಟು ಮತ್ತೆ ಸಡಿಲವಾಗುತ್ತದೆ.

ನಾಲ್ಕನೆಯದು, ಬೇರಿನ ಜೊತೆ ಬದುಕುವ ಶಿಲೀಂಧ್ರಗಳು. ಅಂಗಡಿಯಲ್ಲಿ ವ್ಯಾಮ್ ಎಂದು ಕೇಳಿ ತರುತ್ತೀರಲ್ಲ, ಅದೇ. ನಮ್ಮ ಜಿಕೆವಿಕೆಯಲ್ಲಿ ಪ್ರೊ. ಡಿ.ಜೆ. ಭಾಗ್ಯರಾಜ್ ಅವರು ದಶಕಗಳ ಕಾಲ ಈ ಬೇರುಶಿಲೀಂಧ್ರಗಳ ಮೇಲೆ ಕೆಲಸ ಮಾಡಿ ಹೆಸರಾದವರು. ಈ ಶಿಲೀಂಧ್ರ ಗಿಡಕ್ಕೆ ರಂಜಕ ತಂದುಕೊಡುತ್ತದೆ. ಲೋಹವಿರುವ ಮಣ್ಣಿನಲ್ಲಿ ಎಷ್ಟೋ ಸಲ ಲೋಹವನ್ನು ಬೇರಿನ ಬಳಿಯೇ ತಡೆದು ನಿಲ್ಲಿಸುತ್ತದೆ.

ಇದರ ಜೊತೆಗೆ ಒಂದು ಎಚ್ಚರಿಕೆಯೂ ಇದೆ. ಎಲ್ಲ ಸೂಕ್ಷ್ಮಜೀವಿಗಳೂ ಕಟ್ಟುವವಲ್ಲ, ಬಿಚ್ಚುವವೂ ಇವೆ. ಕೆಲವು ಬ್ಯಾಕ್ಟೀರಿಯಾಗಳು ಆಮ್ಲ ಸುರಿಸಿ ಲೋಹವನ್ನು ಕರಗಿಸುತ್ತವೆ. ಅದಿರಿನಿಂದ ತಾಮ್ರ ತೆಗೆಯಲು ಗಣಿಗಳಲ್ಲಿ ಅಂಥವನ್ನೇ ಬಳಸುತ್ತಾರೆ. ಹಾಗಾಗಿ ಯಾವ ಲೋಹ, ಎಂಥ ಮಣ್ಣು ಎಂದು ತಿಳಿಯದೆ ಬಾಟಲಿ ಸುರಿಯುವುದು, ರೋಗ ತಿಳಿಯದೆ ಹಸುವಿಗೆ ಸೂಜಿ ಚುಚ್ಚಿಸಿದ ಹಾಗೆ.

ಮಣ್ಣಿನ ಜೀವಕ್ಕೂ ನೋವಾಗುತ್ತದೆ

ಸೂಕ್ಷ್ಮಜೀವಿಗಳನ್ನು ನಾವು ವೈದ್ಯರೆಂದು ಕರೆಯುತ್ತಿದ್ದೇವೆ. ಆದರೆ ವಿಷ ಹೆಚ್ಚಾದರೆ ವೈದ್ಯರೇ ಮಲಗುತ್ತಾರೆ. ಇಂಗ್ಲೆಂಡಿನ ರೋಥಾಮ್‌ಸ್ಟೆಡ್ ಸಂಶೋಧನಾ ಕೇಂದ್ರದವರು ವೊಬರ್ನ್ ಎಂಬಲ್ಲಿನ ತಮ್ಮ ಹೊಲದಲ್ಲಿ 1942ರಿಂದ 1961ರವರೆಗೆ ನಗರದ ಚರಂಡಿಯ ಗಸಿಯನ್ನು ಗೊಬ್ಬರವಾಗಿ ಹಾಕಿದರು. ಆಮೇಲೆ ನಿಲ್ಲಿಸಿದರು. ನಿಲ್ಲಿಸಿ 20 ವರ್ಷ ಕಳೆದ ಮೇಲೂ ಲೋಹ ಆ ಮಣ್ಣಿನಲ್ಲೇ ಇತ್ತು. ಅಲ್ಲಿ ಬಿತ್ತಿದ ಬಿಳಿ ಕ್ಲೋವರ್ ಎಂಬ ಮೇವಿನ ಬೆಳೆ ಸೊರಗಿತು. ಅದು ನಮ್ಮ ಕುದುರೆ ಮೆಂತ್ಯದ ಹಾಗೆ ಬೇರಿನ ಗಂಟುಗಳಲ್ಲಿ ಸಾರಜನಕ ಹಿಡಿಯುವ ಬೆಳೆ. ಹುಡುಕಿ ನೋಡಿದಾಗ, ಆ ಮಣ್ಣಿನಲ್ಲಿ ಉಳಿದಿದ್ದ ರೈಜೋಬಿಯಂ ಬ್ಯಾಕ್ಟೀರಿಯಾಗಳು ಗಂಟು ಕಟ್ಟುತ್ತಿದ್ದರೂ ಸಾರಜನಕ ಹಿಡಿಯುವ ಶಕ್ತಿ ಕಳೆದುಕೊಂಡಿದ್ದವು.

ನಮಗೆ ಇದರಲ್ಲಿ ಪಾಠವಿದೆ. ನಿಮ್ಮ ತಾಕಿನಲ್ಲಿ ಸೀಮೆ ಹುಲ್ಲು ಸೊಂಪಾಗಿ ಬಂದು, ಅಲಸಂದೆಯೋ ಕುದುರೆ ಮೆಂತ್ಯವೋ ಮಾತ್ರ ಹಳದಿಯಾಗಿ ಸೊರಗುತ್ತಿದ್ದರೆ ಒಂದು ಗಿಡ ಕಿತ್ತು ಬೇರು ನೋಡಿ. ಗಂಟು ಸೀಳಿದರೆ ಒಳಗೆ ಕೆಂಪಗಿರಬೇಕು. ಕೆಂಪಿಲ್ಲದಿದ್ದರೆ ಅದಕ್ಕೆ ಬೇರೆ ಕಾರಣಗಳೂ ಇರಬಹುದು. ಆದರೆ ಚರಂಡಿ ನೀರು ಹರಿದ ಜಾಗವಾದರೆ ಮಣ್ಣು ಪರೀಕ್ಷೆಗೆ ಅದೊಂದು ಕಾರಣ ಸಾಕು.

ಜಪಾನಿನ ಹೆಂಗಸರ ಮೂಳೆ

ಇನ್ನೊಂದು ಊರಿನ ಕಥೆ ಹೇಳುತ್ತೇನೆ. ಹೆಂಗಸರಾದ ನಾವು ಇದನ್ನು ಕೇಳಲೇಬೇಕು. ಜಪಾನಿನ ಟೊಯಾಮಾ ಪ್ರಾಂತ್ಯದಲ್ಲಿ ಜಿಂಜು ಎಂಬ ನದಿ. ಮೇಲೆ ಸತು ಮತ್ತು ಸೀಸದ ಗಣಿ, ಕೆಳಗೆ ಭತ್ತದ ಗದ್ದೆ. ಗಣಿಯ ಕ್ಯಾಡ್ಮಿಯಂ ನೀರಿನಲ್ಲಿ ಬಂದು ಗದ್ದೆಗೆ, ಗದ್ದೆಯಿಂದ ಅಕ್ಕಿಗೆ, ಅಕ್ಕಿಯಿಂದ ಮೈಗೆ ಸೇರಿತು. ಮೂತ್ರಪಿಂಡ ಕೆಟ್ಟು, ಮೂಳೆ ಮೆತ್ತಗಾಗಿ, ಕೆಮ್ಮಿದರೂ ಮುರಿಯುವಂತಾಯಿತು. ನರಳುವವರ ಬಾಯಲ್ಲಿ ಬಂದ ಮಾತೇ ರೋಗದ ಹೆಸರಾಯಿತು: ಇತಾಯ್ ಇತಾಯ್, ಅಂದರೆ ನೋವು ನೋವು. ಬಲಿಯಾದವರಲ್ಲಿ ಬಹುಪಾಲು ಹಲವು ಹೆತ್ತ, ವಯಸ್ಸು ಇಳಿದ ರೈತ ಹೆಂಗಸರು. ಮೈಯಲ್ಲಿ ಕಬ್ಬಿಣಾಂಶ ಕಡಿಮೆಯಿದ್ದರೆ ಕರುಳು ಕ್ಯಾಡ್ಮಿಯಂ ಅನ್ನು ಹೆಚ್ಚು ಎಳೆದುಕೊಳ್ಳುತ್ತದೆ. ನಮ್ಮ ಹಳ್ಳಿಗಳಲ್ಲಿ ರಕ್ತಹೀನತೆ ಯಾರಿಗೆ ಹೆಚ್ಚು ಎಂದು ನಾನು ಹೇಳಬೇಕೇ?

1968ರಲ್ಲಿ ಜಪಾನ್ ಸರ್ಕಾರ ಇದು ಮಾಲಿನ್ಯದಿಂದ ಬಂದ ರೋಗ ಎಂದು ಒಪ್ಪಿತು. ಊರಿನವರು ಕೋರ್ಟಿಗೆ ಹೋಗಿ ಗೆದ್ದರು. 1972ರ ಗೆಲುವಿನ ನಂತರ, ಗಣಿಯೊಳಗೆ ಹೋಗಿ ತಪಾಸಣೆ ಮಾಡುವ ಹಕ್ಕನ್ನೂ ಪಡೆದರು, ಅದೂ ಕಂಪನಿಯ ಖರ್ಚಿನಲ್ಲೇ. ಕೆಟ್ಟ ಗದ್ದೆಗಳ ಮೇಲೆ ಒಳ್ಳೆ ಮಣ್ಣು ಹೊದಿಸುವ ಕೆಲಸ 30 ವರ್ಷಕ್ಕೂ ಹೆಚ್ಚು ನಡೆದು 2012ರಲ್ಲಿ ಮುಗಿಯಿತು. 800 ಹೆಕ್ಟೇರಿಗೂ ಹೆಚ್ಚು ಭೂಮಿ ಸರಿಯಾಯಿತು. ಅವರು ಮೊದಲು ಮೇಲಿನಿಂದ ಬರುವ ಲೋಹವನ್ನು ತಡೆದರು, ಆಮೇಲೆ ಗದ್ದೆ ಸರಿಮಾಡಿದರು. ನಾವು ಈ ಕ್ರಮ ತಪ್ಪಿಸಿ, ಮೇಲೆ ಚರಂಡಿ ತೆರೆದಿಟ್ಟು ಕೆಳಗೆ ಬಾಟಲಿ ಸುರಿದರೆ, ತೂತು ಕೊಡಕ್ಕೆ ನೀರು ಹೊತ್ತ ಹಾಗಾಗುತ್ತದೆ.

ನಮ್ಮ ಹಾಲು ಹೇಗಿದೆ?

ಇಲ್ಲಿ ಯಾರೂ ಗಾಬರಿಯಾಗಬೇಡಿ. ಹಸು ಒಳ್ಳೆಯ ಜರಡಿ. ಮೇವಿನಲ್ಲಿ ಹೋದ ಕ್ಯಾಡ್ಮಿಯಂ, ಸೀಸದ ಬಹುಪಾಲು ಸಗಣಿಯಲ್ಲಿ ಹೊರಬರುತ್ತದೆ. ಮೈಯಲ್ಲಿ ಉಳಿದ ಕ್ಯಾಡ್ಮಿಯಂ ಮೂತ್ರಪಿಂಡ, ಯಕೃತ್ತಿನಲ್ಲಿ, ಸೀಸ ಮೂಳೆಯಲ್ಲಿ ಕೂರುತ್ತದೆ. ಹಾಲಿಗೆ ಬರುವುದು ಸ್ವಲ್ಪವೇ. ಆದರೆ ಹಾಲು ಕುಡಿಯುವುದು ಮಕ್ಕಳು. ಸೀಸ ಮಕ್ಕಳ ಮಿದುಳಿಗೆ ಹಾನಿ ಮಾಡುತ್ತದೆ. ಅದಕ್ಕೇ ಹಾಲಿನಲ್ಲಿ ಸೀಸದ ಮಿತಿಯನ್ನು ಕೆಜಿಗೆ 0.02 ಮಿಲಿಗ್ರಾಂ ಎಂದು ಬಹಳ ಬಿಗಿಯಾಗಿ ಇಟ್ಟಿದ್ದಾರೆ.

ಲೋಹ ಹಸುವಿನ ಹೊಟ್ಟೆಗೆ ಹುಲ್ಲಿನೊಳಗಿಂದ ಮಾತ್ರ ಹೋಗುವುದಿಲ್ಲ. ಹುಲ್ಲಿಗೆ ಮೆತ್ತಿದ ಮಣ್ಣಿನಿಂದಲೂ ಹೋಗುತ್ತದೆ. ಬೇಸಿಗೆಯಲ್ಲಿ ಗಿಡ್ಡ ಹುಲ್ಲನ್ನು ಬುಡಕ್ಕೆ ಕಚ್ಚಿ ಮೇಯುವಾಗ ಹಸು ಮಣ್ಣನ್ನೂ ನುಂಗುತ್ತದೆ. ಸೀಸದಂಥ ಲೋಹಕ್ಕೆ ಇದೇ ದೊಡ್ಡ ದಾರಿ. ಹಳೆಯ ಇನ್ವರ್ಟರ್, ಟ್ರ್ಯಾಕ್ಟರ್ ಬ್ಯಾಟರಿಗಳನ್ನು ಕೊಟ್ಟಿಗೆಯ ಹಿಂದೆ ಎಸೆದಿದ್ದರೆ ಇವತ್ತೇ ತೆಗೆಸಿ. ದನಗಳು ಅವನ್ನು ನೆಕ್ಕುತ್ತವೆ. ಹಸು ಕಣ್ಣು ಕಾಣದಂತೆ ಎಡವುವುದು, ಹಲ್ಲು ಕಡಿಯುವುದು, ಗೋಡೆಗೆ ತಲೆ ಒತ್ತಿ ನಿಲ್ಲುವುದು ಕಂಡರೆ ಸೀಸದ ವಿಷವಿರಬಹುದು. ಕೂಡಲೇ ಪಶುವೈದ್ಯರನ್ನು ಕರೆಸಿ.

ಕಾರ್ಡಿನಲ್ಲಿ ಇಲ್ಲದ ಸಾಲು

"ನಮ್ಮ ಹತ್ತಿರ ಮಣ್ಣು ಆರೋಗ್ಯ ಕಾರ್ಡ್ ಇದೆ, ಎಲ್ಲ ಸರಿ ಅಂತ ಬಂದಿದೆ" ಎಂದು ನೀವು ಹೇಳಬಹುದು. ನಾನೂ ಹಾಗೇ ಅಂದುಕೊಂಡಿದ್ದೆ. 2015ರಲ್ಲಿ ಶುರುವಾದ ಆ ಕಾರ್ಡಿನಲ್ಲಿ 12 ಅಂಶಗಳಿವೆ: ರಸಸಾರ, ಲವಣಾಂಶ, ಸಾವಯವ ಇಂಗಾಲ, ಸಾರಜನಕ, ರಂಜಕ, ಪೊಟ್ಯಾಷ್, ಗಂಧಕ, ಸತು, ಕಬ್ಬಿಣ, ತಾಮ್ರ, ಮ್ಯಾಂಗನೀಸ್, ಬೋರಾನ್. ಎಲ್ಲವೂ ಬೆಳೆಗೆ ಬೇಕಾದ್ದು ಎಷ್ಟಿದೆ ಎಂದು ನೋಡುವ ಅಂಶಗಳು. ಸೀಸ, ಕ್ಯಾಡ್ಮಿಯಂ, ಕ್ರೋಮಿಯಂ, ನಿಕ್ಕಲ್ ಆ ಪಟ್ಟಿಯಲ್ಲಿ ಇಲ್ಲ. ಕಾರ್ಡು ಸುಳ್ಳು ಹೇಳುತ್ತಿಲ್ಲ, ಆ ಪ್ರಶ್ನೆಯನ್ನು ಅದಕ್ಕೆ ಯಾರೂ ಕೇಳಿಲ್ಲ. ಭಾರಲೋಹದ ಪರೀಕ್ಷೆಯನ್ನು ಬೇರೆಯಾಗಿ ಕೇಳಿ ಮಾಡಿಸಬೇಕು. ಒಬ್ಬೊಬ್ಬರೇ ಮಾಡಿಸಿದರೆ ಅದು ದುಬಾರಿ.

ನಾವು ಮಾಡಬಹುದಾದದ್ದು

ನಗರದ ಚರಂಡಿ ನೀರು, ಕಾರ್ಖಾನೆ ನೀರು ಹರಿಯುವ ತಾಕು ನಿಮ್ಮದಾಗಿದ್ದರೆ, ನಾನು ಕಲಿತದ್ದನ್ನು ಹೇಳುತ್ತೇನೆ.

ತಾಕುಗಳನ್ನು ಎರಡಾಗಿ ನೋಡಿ. ಒಳ್ಳೆ ನೀರಿನ ಜಾಗ ಅಂಗೈಯಗಲ ಇದ್ದರೂ ಮೇವು ಮತ್ತು ಸೊಪ್ಪು ಅಲ್ಲಿ ಬೆಳೆಯಿರಿ. ಚರಂಡಿ ನೀರಿನ ಜಾಗದಲ್ಲಿ ಬಾಯಿಗೆ ಹೋಗದ ಬೆಳೆ ಇಡಿ. ನಾನು ಈಗ ಚೆಂಡು ಹೂ ಹಾಕಿದ್ದೇನೆ, ಬದುವಿನಲ್ಲಿ ಲಾವಂಚ ನೆಟ್ಟಿದ್ದೇನೆ. ಲಾವಂಚದ ಬೇರು ಆಳಕ್ಕೆ ಹೋಗಿ ಮಣ್ಣು ಕೊಚ್ಚಿ ಹೋಗದಂತೆ ಹಿಡಿಯುತ್ತದೆ, ಲೋಹವನ್ನೂ ಬಹುಮಟ್ಟಿಗೆ ಬೇರಿನಲ್ಲೇ ಇಟ್ಟುಕೊಳ್ಳುತ್ತದೆ.

ಕಳಿತ ಕೊಟ್ಟಿಗೆ ಗೊಬ್ಬರವನ್ನು ಪ್ರತಿ ವರ್ಷ ಕೊಡಿ. ಹೋರಿಯ ಹಗ್ಗ ಅಂದೆನಲ್ಲ, ಅದು ಇದೇ. ಗೊಬ್ಬರ ತಾನೂ ಲೋಹವನ್ನು ಹಿಡಿಯುತ್ತದೆ, ಸೂಕ್ಷ್ಮಜೀವಿಗಳಿಗೆ ಊಟವೂ ಆಗುತ್ತದೆ. ಒಂದು ಸಲ ಹಾಕಿ ಬಿಟ್ಟರೆ ಗೊಬ್ಬರ ಕೊಳೆತು ಮುಗಿದು ಹಗ್ಗ ಸವೆಯುತ್ತದೆ. ಜೀವಾಮೃತ ಹಾಕುವವರು ಹಾಕಿ, ಅದು ಮಣ್ಣಿನ ಜೀವಕ್ಕೆ ಒಳ್ಳೆಯದು. ಆದರೆ ಜೀವಾಮೃತ ಹಾಕಿದೆ ಎಂದು ಆ ಜಾಗದ ಹುಲ್ಲನ್ನು ನಂಬಿ ಹಸುವಿಗೆ ಹಾಕಬೇಡಿ. ಮಣ್ಣು ಹುಳಿಯಾಗಿದ್ದರೆ ಪರೀಕ್ಷೆ ನೋಡಿ ಸುಣ್ಣ ಕೊಡಿ. ಹುಳಿ ಇಳಿದರೆ ಕ್ಯಾಡ್ಮಿಯಂ, ಸೀಸ ಬೇರಿಗೆ ಸಿಗುವುದು ಕಡಿಮೆಯಾಗುತ್ತದೆ. ಎಲ್ಲ ಲೋಹಕ್ಕೂ ಇದು ಮದ್ದಲ್ಲ, ಆರ್ಸೆನಿಕ್‌ಗೆ ಸುಣ್ಣದಿಂದ ಉಪಯೋಗವಿಲ್ಲ.

ಸಗಣಿಯ ಲೆಕ್ಕ ತಪ್ಪಬೇಡಿ. ಲೋಹ ಬಹುಪಾಲು ಸಗಣಿಯಲ್ಲಿ ಹೊರಬರುತ್ತದೆ ಅಂದೆ. ಹಾಗಾಗಿ ಚರಂಡಿ ನೀರಿನ ಹುಲ್ಲು ತಿಂದ ಹಸುವಿನ ಗೊಬ್ಬರವನ್ನು ಹಿತ್ತಲ ಸೊಪ್ಪಿನ ಮಡಿಗೋ ಒಳ್ಳೆ ತಾಕಿಗೋ ಹಾಕಿದರೆ ಕಾಯಿಲೆಯನ್ನು ನಾವೇ ಹೊತ್ತು ಹಂಚಿದಂತೆ. ಬಂದ ತಾಕಿಗೇ ಅದು ಹಿಂತಿರುಗಲಿ.

ಸಾಸಿವೆ ಹಾಕಿದರೆ ಲೋಹ ಎಳೆದುಕೊಳ್ಳುತ್ತದೆ ಎಂದು ಕೇಳಿರಬಹುದು. ನಿಜ, ಸಾಸಿವೆಗೆ ಆ ಗುಣವಿದೆ. ಆದರೆ ಒಂದೆರಡು ಬೆಳೆಯಲ್ಲಿ ಮುಗಿಯುವ ಕೆಲಸವಲ್ಲ, ವರ್ಷಾನುಗಟ್ಟಲೆ ಬೇಕು. ಎಳೆದುಕೊಂಡ ಗಿಡವೇ ವಿಷದ ಗಂಟು. ಅದರ ಸೊಪ್ಪು ಪಲ್ಯಕ್ಕಿಲ್ಲ, ಕಡ್ಡಿ ಒಲೆಗಿಲ್ಲ, ಕಸ ತಿಪ್ಪೆಗಿಲ್ಲ. ಅದನ್ನು ಎಲ್ಲಿಗೆ ಸಾಗಿಸಬೇಕೆಂದು ಹೇಳುವವರು ಜೊತೆಗಿಲ್ಲದೆ ಈ ಕೆಲಸಕ್ಕೆ ಕೈ ಹಾಕಬೇಡಿ. ಅಜೋಲಾ ಬೆಳೆಯುವವರಿಗೂ ಇದೇ ಮಾತು. ಅಜೋಲಾ ನೀರಿನ ಲೋಹವನ್ನು ಚೆನ್ನಾಗಿ ಹೀರುತ್ತದೆ. ತೊಟ್ಟಿಗೆ ಒಳ್ಳೆ ನೀರು ಮಾತ್ರ ಹಾಕಿ.

ಒಕ್ಕೂಟ ಮಾಡಬೇಕಾದದ್ದು

ಇನ್ನು ನನ್ನ ನೇರ ಅಭಿಪ್ರಾಯ. ಇದನ್ನೆಲ್ಲ ಎರಡು ಹಸು ಕಟ್ಟಿಕೊಂಡ ಹೆಂಗಸಿನ ತಲೆಗೆ ಕಟ್ಟುವುದು ನ್ಯಾಯವಲ್ಲ. ಹೊಳೆಗೆ ಲೋಹ ಬಿಟ್ಟವಳು ಅವಳಲ್ಲ. ಹಾಗಾಗಿ ಒಕ್ಕೂಟಕ್ಕೆ ನನ್ನ ಮೂರು ಬೇಡಿಕೆಗಳಿವೆ.

ಒಂದು, ಚರಂಡಿ ನೀರಿನ ದಾರಿಯಲ್ಲಿರುವ ಸಂಘಗಳ ಮಣ್ಣು, ನೀರು, ಮೇವನ್ನು ಒಕ್ಕೂಟದ ಖರ್ಚಿನಲ್ಲಿ ವರ್ಷಕ್ಕೊಮ್ಮೆ ಭಾರಲೋಹಕ್ಕಾಗಿ ಪರೀಕ್ಷೆ ಮಾಡಿಸಬೇಕು. ಫಲಿತಾಂಶ ರೈತ ಮಹಿಳೆಯ ಕೈಗೆ ಕನ್ನಡದಲ್ಲಿ ಬರಬೇಕು. ಎರಡು, ಮೇವು ಬದಲಾಯಿಸಬೇಕಾದ ಸದಸ್ಯರಿಗೆ ಆ ಅವಧಿಯಲ್ಲಿ ಒಣಹುಲ್ಲು, ರಸಮೇವು ಕಡಿಮೆ ದರಕ್ಕೆ ಸಿಗಬೇಕು. ಹುಲ್ಲು ಬಿಡಿ ಎಂದು ಹೇಳಿ ಕೈತೊಳೆದುಕೊಂಡರೆ ಯಾರೂ ಬಿಡುವುದಿಲ್ಲ. ಮೂರು, ಆ ಫಲಿತಾಂಶಗಳನ್ನು ಹಿಡಿದು ಒಕ್ಕೂಟವೇ ಮಾಲಿನ್ಯ ನಿಯಂತ್ರಣ ಮಂಡಳಿಯ ಮುಂದೆ ನಿಲ್ಲಬೇಕು. ನೀರು ಕೆಡಿಸುವುದನ್ನು ತಡೆಯುವ ಕಾಯ್ದೆ 1974ರಿಂದಲೇ ಇದೆ. ತಮಿಳುನಾಡಿನ ವೆಲ್ಲೂರು ಕಡೆಯ ಚರ್ಮ ಹದ ಮಾಡುವ ಘಟಕಗಳ ಪ್ರಕರಣದಲ್ಲಿ, ಕೆಡಿಸಿದವರೇ ಬೆಲೆ ತೆರಬೇಕು ಎಂಬ ತತ್ವ ನಮ್ಮ ದೇಶದ ಕಾನೂನಿನ ಭಾಗ ಎಂದು ಸುಪ್ರೀಂ ಕೋರ್ಟ್ 1996ರಲ್ಲೇ ಹೇಳಿದೆ. ಒಬ್ಬಳ ಅರ್ಜಿ ಕಡತದ ಕೆಳಗೆ ಹೋಗುತ್ತದೆ. ಸಾವಿರಾರು ಸದಸ್ಯರ ಒಕ್ಕೂಟದ ಪತ್ರ ಅಷ್ಟು ಸುಲಭವಾಗಿ ಹೋಗುವುದಿಲ್ಲ.

"ಇದನ್ನು ಬಾಯಿಬಿಟ್ಟು ಹೇಳಿದರೆ ನಮ್ಮ ಹಾಲಿಗೆ ಕೆಟ್ಟ ಹೆಸರು ಬರುತ್ತದೆ, ನಮ್ಮ ಸಂಘದ ಹಾಲೇ ಬೇಡ ಅಂದರೆ?" ಎಂದು ನಮ್ಮ ಆಡಳಿತ ಮಂಡಳಿಯಲ್ಲೇ ಒಬ್ಬರು ಕೇಳಿದರು. ಈ ಭಯ ಸಣ್ಣದಲ್ಲ. ಬಟವಾಡೆ ನಿಂತರೆ ಮಗಳ ಫೀಸು, ಸಂಘದ ಸಾಲದ ಕಂತು ಎಲ್ಲ ನಿಲ್ಲುತ್ತದೆ. ಅದಕ್ಕೇ ಹೇಳುತ್ತಿದ್ದೇನೆ, ಪರೀಕ್ಷೆ ಯಾರನ್ನೂ ಹೊರಹಾಕಲು ಅಲ್ಲ, ಮೇವು ಬದಲಿಸಲು ಎಂಬ ಮಾತು ಮೊದಲು ಠರಾವಿನಲ್ಲಿ ಬರಬೇಕು. ಕೆಚ್ಚಲು ಬಾವಿಗೆ ಚುಚ್ಚುಮದ್ದು ಕೊಡಿಸಿದ ಹಸುವಿನ ಹಾಲನ್ನು ಇಷ್ಟು ದಿನ ಡೇರಿಗೆ ಹಾಕಬೇಡಿ ಎಂದಾಗಲೂ ನಾವು ಮುನಿಸಿಕೊಂಡಿದ್ದೆವು. ನಷ್ಟ ಯಾರು ಕಟ್ಟಿಕೊಡುತ್ತಾರೆ ಎಂದು ಜಗಳವಾಡಿದ್ದೆವು. ಇವತ್ತು ಅದು ನಮಗೆ ರೂಢಿ. ನಮ್ಮ ಹಾಲನ್ನು ನಂಬಿ ಕೊಳ್ಳುವವರು ಹೆಚ್ಚಾದರೇ ಹೊರತು ಕಡಿಮೆಯಾಗಲಿಲ್ಲ. ಮುಚ್ಚಿಟ್ಟ ಮಾತನ್ನು ಹೊರಗಿನವರು ಬಿಚ್ಚಿದರೆ ಹೆಸರು ಕೆಡುತ್ತದೆ. ನಾವೇ ಬಿಚ್ಚಿ, ಸರಿಪಡಿಸಿಕೊಂಡರೆ ಹೆಸರು ಉಳಿಯುತ್ತದೆ.

ಆ ಹುಡುಗಿಯ ಮನೆಗೆ ಮರುವಾರ ಹೋದೆ. ಒಂದು ಗಾಡಿ ರಾಗಿ ಹುಲ್ಲು ಕೊಟ್ಟು, ಇಷ್ಟೂ ಮಾತು ಹೇಳಿದೆ. ಅವಳು ಕೇಳಿಸಿಕೊಂಡು, "ಅಲ್ಲಕ್ಕ, ಇಷ್ಟು ದಿನ ಯಾಕೆ ಯಾರಿಗೂ ಹೇಳಲಿಲ್ಲ?" ಅಂದಳು. ನನ್ನ ಹತ್ತಿರ ಉತ್ತರವಿರಲಿಲ್ಲ. ಹೆದರಿಕೊಂಡಿದ್ದೆ, ಅಷ್ಟೇ.

ಈ ವರ್ಷದ ವಾರ್ಷಿಕ ಮಹಾಸಭೆಗೆ ಹೋಗುವಾಗ ಬೋನಸ್ಸಿನ ಪ್ರಶ್ನೆಯ ಜೊತೆಗೆ ಇನ್ನೊಂದು ಪ್ರಶ್ನೆ ಇಟ್ಟುಕೊಂಡು ಹೋಗಿ: "ನಮ್ಮ ಮೇವಿನ ಮಣ್ಣನ್ನು ಭಾರಲೋಹಕ್ಕೆ ಯಾವಾಗ ಪರೀಕ್ಷೆ ಮಾಡಿಸುತ್ತೀರಿ?" ನಿಮ್ಮ ತಾಕು ಹೊಳೆ ಪಕ್ಕ ಇರದಿದ್ದರೂ ಕೇಳಿ. ನಿಮ್ಮ ಹಾಲೂ ನನ್ನ ಹಾಲೂ ಸಂಜೆ ಒಂದೇ ಟ್ಯಾಂಕಿಗೆ ಹೋಗುತ್ತದೆ. ಕಾರ್ಯದರ್ಶಿಯವರು ನಡವಳಿ ಪುಸ್ತಕದಲ್ಲಿ ಆ ಪ್ರಶ್ನೆಯನ್ನು ಬರೆದುಕೊಳ್ಳುವವರೆಗೂ ಕೂರಬೇಡಿ.

ಇಂತಿ,
ಹೊಳೆ ಪಕ್ಕದ ಊರಿನ ಮಹಿಳಾ ಸಂಘದ ಒಬ್ಬ ಸದಸ್ಯೆ